ಚೆಲುವಾಂಬಳ ಕೈಗುಣ

ಒಬ್ಬರ ಕೈಗುಣವನ್ನು ತೆಗೆದು ಇನ್ನೊಬ್ಬರ ಕೈಗೆ ಹಾಕಬಹುದು ಎಂದು ಪೇಪರಿನಲ್ಲಿ ಬಂದ ದಿನ ನಮ್ಮತ್ತೆ ಕೇಳಿದ್ದು ಒಂದೇ ಪ್ರಶ್ನೆ: “ಹಂಗಾರೆ ಆ ಮೂಲೆಮನೆ ಪುಟ್ಟಚ್ಚಮ್ಮನ ಸಾರಿನ ಕೈಯ ನಂಗೆ ಹಾಕುಸ್ಕೊಡ್ತಾರಾ?” ಮೂರು ವರ್ಷ ಕಳೆಯುವಷ್ಟರಲ್ಲಿ ಆ ಯಂತ್ರದ ಮುಂದೆ ಕೂರುವ ಕೆಲಸ ನನಗೇ ಸಿಕ್ಕಿತು. ಅಷ್ಟರಲ್ಲಿ ಅತ್ತೆ ತೀರಿಕೊಂಡಿದ್ದರು. ಇದ್ದಿದ್ದರೂ ನಾನು ಹಾಕಿಸಿಕೊಡುತ್ತಿರಲಿಲ್ಲ. ಆಮೇಲೆ ಪುಟ್ಟಚ್ಚಮ್ಮ ಉಪ್ಪು ಎಷ್ಟು ಹಾಕಬೇಕೆಂದು ತಿಳಿಯದೆ ಒಲೆ ಮುಂದೆ ನಿಂತಿರಬೇಕಾಗಿತ್ತು.

ಯಂತ್ರದ ವಿಚಾರ ಇಷ್ಟೇ. ಸೈಕಲ್ ತುಳಿಯುವುದು, ಹೂ ಕಟ್ಟುವುದು, ಚೆಂಡು ಎಸೆಯುವುದು, ಇವನ್ನೆಲ್ಲ ನಾವು ಯೋಚಿಸಿ ಮಾಡುವುದಿಲ್ಲ. ತಲೆಯ ಹಿಂಭಾಗದಲ್ಲಿ, ಕಿರುಮೆದುಳಿನಲ್ಲಿ, ವರ್ಷಗಟ್ಟಲೆ ಮಾಡಿದ ಕೆಲಸ ಒಂದು ಹೆಣಿಗೆಯಾಗಿ ಕೂತಿರುತ್ತದೆ. ಯಂತ್ರ ಆ ಹೆಣಿಗೆಯನ್ನು ಎಳೆ ಎಳೆಯಾಗಿ ಓದುತ್ತದೆ, ಇನ್ನೊಬ್ಬರ ತಲೆಯಲ್ಲಿ ಹಾಗೆಯೇ ಹೆಣೆಯುತ್ತದೆ. ಆದರೆ ಅಷ್ಟು ಆಳಕ್ಕೆ ಓದಬೇಕಾದರೆ ಎಳೆ ಬಿಚ್ಚಲೇಬೇಕು, ಬಿಚ್ಚಿದ್ದು ಮತ್ತೆ ಕೂಡುವುದಿಲ್ಲ. ನಕಲು ಮಾಡುವ ದಾರಿಯನ್ನು ಇವತ್ತಿನವರೆಗೂ ಯಾರೂ ಕಂಡುಹಿಡಿದಿಲ್ಲ. ಒಬ್ಬರಿಗೆ ಬರಬೇಕಾದರೆ ಇನ್ನೊಬ್ಬರಿಂದ ಹೋಗಬೇಕು.

ನನ್ನ ಹೆಸರು ಇಂದ್ರಾಣಿ. ಮನೆ ಮಂಡ್ಯದಲ್ಲಿ, ಕೆಲಸ ಮೈಸೂರಿನ ಕೈಗುಣ ಕೇಂದ್ರದಲ್ಲಿ. ಬೆಳಿಗ್ಗೆ ಏಳೂವರೆ ರೈಲಿಗೆ ಹೋಗಿ ಸಂಜೆ ಆರಕ್ಕೆ ವಾಪಸು. ಎಂಟು ವರ್ಷದಲ್ಲಿ ಮುನ್ನೂರ ಹನ್ನೆರಡು ಜನರ ಕೈಗುಣ ತೆಗೆದಿದ್ದೇನೆ. ಎಲ್ಲರೂ ಒಪ್ಪಿ ಸಹಿ ಹಾಕಿ ಬಂದವರೇ. ಅವರಲ್ಲಿ ಶ್ರೀರಂಗಪಟ್ಟಣದ ಒಬ್ಬ ದರ್ಜಿ, ವೆಂಕೋಬರಾಯರು, ಕೈಗುಣ ಮಾರಿದ ಮೂರನೇ ವಾರ ತಿರುಗಿ ಬಂದರು. ಜಗಳಕ್ಕಲ್ಲ. ಕೈಯಲ್ಲಿ ಸೂಜಿ, ದಾರ. “ಮೇಡಂ, ಒಂದ್ಸಲ ಪೋಣಿಸಿಕೊಡಿ, ಹೇಗೆ ಅಂತ ನೋಡ್ಕೋತೀನಿ” ಎಂದರು. ಪೋಣಿಸಿಕೊಟ್ಟೆ. ಅದಾದ ಮೇಲೆ ನಾನು ಕೈಗುಣ ಕೊಟ್ಟವರು ಬಂದು ಕೂರುವ ಹೊರಗಿನ ಬೆಂಚುಗಳ ಕಡೆ ನೋಡುವುದನ್ನು ಬಿಟ್ಟುಬಿಟ್ಟೆ. ಹೇಡಿತನ ಎನ್ನಿ, ಬೇಜಾರಿಲ್ಲ.

ಈಗ ಬ್ಯಾಸ್ಕೆಟ್‌ಬಾಲಿಗೆ ಬರುತ್ತೇನೆ. ಮಂಡ್ಯದವರಿಗೆ ಈ ಆಟದ ಹುಚ್ಚು ಯಾವ ಕಾಲದಲ್ಲಿ ಹಿಡಿಯಿತೋ, ಬಿಡಿಸುವ ಮಂತ್ರವಾದಿ ಮಾತ್ರ ಹುಟ್ಟಿಲ್ಲ. ನಮ್ಮ ಮಹಿಳಾ ತಂಡದ ಹೆಸರು ಜಲ್ಲೆ. ಲೀಗ್ ಶುರುವಾಗಿ ಹತ್ತೊಂಬತ್ತು ವರ್ಷವಾಯಿತು, ಜಲ್ಲೆ ಒಂದು ಸಲವೂ ಕಪ್ ಗೆದ್ದಿಲ್ಲ. ಆದರೂ ಗ್ಯಾಲರಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಲೀಗಿನ ಕಾನೂನಿನಂತೆ ತಂಡದ ಯಜಮಾನರು ಅಭಿಮಾನಿಗಳೇ. ಅವರ ಸಂಘಕ್ಕೆ ಸದಸ್ಯರಾದವರಿಗೆಲ್ಲ ಒಂದೊಂದು ಮತ. ಆಟಗಾರ್ತಿಯನ್ನು ತರುವುದು, ಕೊಡುವುದು ಎಲ್ಲ ಸದಸ್ಯರ ತೀರ್ಮಾನ. ಒಮ್ಮೆ ತೀರ್ಮಾನವಾದರೆ ಬದಲಾಯಿಸುವಂತಿಲ್ಲ.

ನಮ್ಮ ಗ್ಯಾಲರಿಯಲ್ಲಿ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಪ್ರತಿ ಪಾಸಿಗೂ ಒಂದು “ಹೂಂ”. ಇದು ಆಲೆಮನೆಯಿಂದ ಬಂದ ಪದ್ಧತಿ. ಕೊಪ್ಪರಿಗೆಯ ಹಬೆಯಲ್ಲಿ ಎದುರಿಗಿರುವವರ ಮುಖ ಕಾಣುವುದಿಲ್ಲ. ಬಿಸಿ ಬೆಲ್ಲದ ಉಂಡೆ ಕಟ್ಟಿದವರು ಅದನ್ನು ಎಸೆಯಬೇಕು, ಆಚೆ ಕಡೆಯವರು ಹಿಡಿದು ಮಂಕರಿಗೆ ತುಂಬಬೇಕು. ಹಿಡಿಯುವವರು ‘ನಾನಿಲ್ಲಿದ್ದೀನಿ’ ಎನ್ನುವುದಕ್ಕೆ “ಹೂಂ” ಅನ್ನುತ್ತಾರೆ. ಆಲೆಮನೆಯ ಆ ಜನ ಆಟ ನೋಡಲು ಬಂದು ಅಭ್ಯಾಸಬಲದಿಂದ ಹೂಂಗುಟ್ಟಿದರು, ಪಕ್ಕದವರು ಕಲಿತರು. ಎರಡು ಸಾವಿರ ಜನ ಒಟ್ಟಿಗೆ ಹೂಂ ಅಂದರೆ ಬೇರೆ ಊರಿನ ತಂಡದವರು ಚೆಂಡು ಮರೆತು ಗ್ಯಾಲರಿಯ ಕಡೆ ನೋಡುತ್ತಾರೆ.

ಜಲ್ಲೆ ತಂಡದಲ್ಲಿ ಹೇಳಿಕೊಳ್ಳುವಂಥ ಆಟಗಾರ್ತಿ ಒಬ್ಬಳೇ, ಚೆಲುವಾಂಬ. ಇಪ್ಪತ್ತನಾಲ್ಕು ವರ್ಷ, ಐದಡಿ ಎರಡಂಗುಲ. ಅವಳು ಬುಟ್ಟಿಗೆ ಎಸೆಯುವುದು ಅಷ್ಟಕ್ಕಷ್ಟೆ. ಪಾಸ್ ಕೊಡುವುದನ್ನು ಮಾತ್ರ ಕಣ್ಣಿದ್ದವರು ನೋಡಬೇಕು. ಅವಳ ಕೈಯಲ್ಲಿ ಚೆಂಡು ನಿಲ್ಲುವುದೇ ಇಲ್ಲ. ಅವಳು ಯಾರನ್ನೂ ನೋಡುವುದಿಲ್ಲ, ಆದರೆ ಚೆಂಡು ಹೋಗಿ ಸರಿಯಾದವಳ ಕೈಯಲ್ಲೇ ಕೂರುತ್ತದೆ. ತೊಂದರೆ ಏನೆಂದರೆ, ಆ ಸರಿಯಾದವಳು ಅದನ್ನು ಬುಟ್ಟಿಗೆ ಹಾಕುವುದಿಲ್ಲ.

ಹಾಗಿರುವಾಗ ಲುಧಿಯಾನದ ಸತ್ಲಜ್ ತಂಡದಿಂದ ಪತ್ರ ಬಂತು. ಇಮ್ರೋಜ್ ಧಿಲ್ಲೋನಳನ್ನು ಕೊಡುತ್ತೇವೆ ಎಂದಿದ್ದರು. ಇಮ್ರೋಜ್ ಎಂದರೆ ಇಡೀ ಲೀಗಿನಲ್ಲೇ ದೊಡ್ಡ ಹೆಸರು. ಆರಡಿ ಮೂರಂಗುಲದ ಹುಡುಗಿ, ಅರ್ಧ ಅಂಕಣದಿಂದ ಎಸೆದರೂ ಹತ್ತಕ್ಕೆ ಆರು ಬುಟ್ಟಿಗೆ. ಬದಲಿಗೆ ಅವರಿಗೆ ಬೇಕಾದ್ದು ಚೆಲುವಾಂಬ ಅಲ್ಲ. ಅಷ್ಟು ಕುಳ್ಳಿಯನ್ನು ಕಟ್ಟಿಕೊಂಡು ಅವರೇನು ಮಾಡುತ್ತಾರೆ? ಅವರಿಗೆ ಬೇಕಾದ್ದು ಅವಳ ಪಾಸಿನ ಕೈಗುಣ. ಆರಡಿ ಐದಂಗುಲದ ಹದಿನೆಂಟರ ಹುಡುಗಿಯೊಬ್ಬಳಿಗೆ ಹಾಕಿಸಲು ತಯಾರಿ ಮಾಡಿಟ್ಟುಕೊಂಡಿದ್ದರು. ಚೆಲುವಾಂಬ ಮಂಡ್ಯದಲ್ಲೇ ಇರಬಹುದು, ಸಂಬಳ ತೆಗೆದುಕೊಳ್ಳಬಹುದು, ಬೆಂಚಿನ ಮೇಲೆ ಕೂರಬಹುದು.

“ಅವಳು ಒಪ್ಪಬೇಕಲ್ಲ?” ಎಂದೆ ನನ್ನ ಗಂಡನಿಗೆ.

“ಆಗ್ಲೇ ಒಪ್ಪವ್ಳೆ ಕಣೆ” ಎಂದರು ತಿರುಮಲೇಗೌಡರು. ಅವರದು ಬ್ಯಾಟರಿ ಅಂಗಡಿ, ಆದರೆ ದಿನದ ಮುಕ್ಕಾಲು ಪಾಲು ಜಲ್ಲೆ ತಂಡದ ವಕಾಲತ್ತು. “ಹದಿನೇಳ್ನೇ ವರ್ಷದಲ್ಲಿ ಸೇರ್ಕೊಂಡಾಗ ಸಹಿ ಹಾಕವ್ಳೆ. ಹದಿನಾಲ್ಕನೇ ಕಲಮು. ಕೈಗುಣ ಸಂಘದ್ದು.”

“ಹದಿನೇಳರಲ್ಲಿ ನಿಮ್ಮನ್ನ ಕೇಳಿದ್ರೆ ನೀವು ನಿಮ್ಮ ತಲೆಗೂ ಸಹಿ ಹಾಕ್ತಿದ್ರಿ.”

“ಅಲ್ವೇ, ನೀನು ಮುನ್ನೂರು ಜನುದ್ದು ತೆಗೆದೆ. ಆಗ ಎಲ್ಲೋಗಿತ್ತು ಈ ಕನಿಕರ?”

ನಿಜ ಹೇಳಬೇಕೆಂದರೆ ನನಗೂ ಇಮ್ರೋಜ್ ಬೇಕಾಗಿತ್ತು. ಹತ್ತೊಂಬತ್ತು ವರ್ಷ ಸೋತು ಸೋತು ನಮ್ಮ ಊರಿನವರ ಮುಖವೇ ಒಂಥರಾ ಆಗಿಹೋಗಿತ್ತು. ಅವಳು ಎಸೆಯುವುದನ್ನು ಪರದೆಯಲ್ಲಿ ಮೂರು ಸಲ ಹಾಕಿಕೊಂಡು ನೋಡಿದೆ. ಇವಳು ನಮ್ಮ ಕಡೆ ಆಡಿದರೆ ಎಂದು ಯೋಚಿಸಿದಾಗ ಮೈ ಜುಮ್ ಎಂದಿತು.

ಅಂಗಡಿಯಲ್ಲಿ ವಾರವಿಡೀ ಇದೇ ಪಂಚಾಯಿತಿ. ಬ್ಯಾಟರಿ ಬದಲಾಯಿಸಲು ಬಂದವರೆಲ್ಲ ಗಾಡಿ ಮರೆತು ನಿಂತುಬಿಡುತ್ತಿದ್ದರು. ಇಮ್ರೋಜ್‌ಗೆ ಮಂಡಿ ನೋವಂತೆ ಎಂದು ಒಬ್ಬ. ಮಂಡಿ ನೋವಿರೋದು ನಿಮ್ಮಪ್ಪಂಗೆ ಎಂದು ಇನ್ನೊಬ್ಬ. ಪಾಸೇ ಇಲ್ಲದಿದ್ದರೆ ಇಮ್ರೋಜ್ ಕೈಗೆ ಚೆಂಡು ಕೊಡೋರು ಯಾರು ಎಂದು ಮೂರನೆಯವನು. ಅವಳು ತಾನೇ ತಗೋತಾಳೆ, ಅಷ್ಟುದ್ದ ಇರೋದು ಯಾತಕ್ಕೆ ಎಂದು ನನ್ನ ಗಂಡ. ಚೆಲುವಾಂಬಳ ಹೆಸರನ್ನು ಮಾತ್ರ ಯಾರೂ ಎತ್ತುತ್ತಿರಲಿಲ್ಲ. ‘ಪಾಸು’ ಅನ್ನುತ್ತಿದ್ದರು.

ಮತದಾನಕ್ಕೆ ಮುಂಚೆ ತೂಕ ನೋಡುವ ಓದು ಆಗಬೇಕೆಂಬುದು ನಿಯಮ. ಎಳೆ ಬಿಚ್ಚದೆ ಮೇಲೆ ಮೇಲೆ ಓದಿ, ಕೈಗುಣ ಎಷ್ಟು ಗಟ್ಟಿಯಿದೆ, ಯಾವುದರ ಜೊತೆ ಸಿಕ್ಕಿಕೊಂಡಿದೆ ಎಂದು ವರದಿ ಬರೆಯುವುದು. ಶುಕ್ರವಾರ ಬೆಳಿಗ್ಗೆ ಚೆಲುವಾಂಬ ನನ್ನ ಕುರ್ಚಿಯಲ್ಲಿ ಬಂದು ಕೂತಳು. ಗ್ಯಾಲರಿಯಿಂದ ನೂರು ಸಲ ನೋಡಿದ್ದ ಹುಡುಗಿ. ಹತ್ತಿರದಿಂದ ನೋಡಿದರೆ ಅಂಗೈ ತುಂಬ ಹಳೆಯ ಸುಟ್ಟ ಕಲೆ.

“ಇವೆಲ್ಲಿದು?” ಎಂದೆ, ತಲೆಗೆ ಪಟ್ಟಿ ಕಟ್ಟುತ್ತಾ.

“ಆಲೆಮನೇದು ಕಣಕ್ಕ. ನಮ್ಮಪ್ಪ ಉಂಡೆ ಕಟ್ತಿದ್ರು, ನಾನು ದಾಟಿಸ್ತಿದ್ದೆ. ಕೈ ಸುಡೋದ್ರೊಳಗೆ ಎಸೀಬೇಕು. ಇಟ್ಕೊಂಡ್ರೆ ಬೊಬ್ಬೆ.”

“ಚೆಂಡೂ ಹಂಗೇ ಎಸೀತೀಯಾ?”

“ಇನ್ನೆಂಗೆ ಎಸೀಲಿ? ನಂಗೆ ಬರಾದು ಅದೊಂದೇ.”

ಯಂತ್ರ ಹಾಕಿದೆ. ಗ್ಯಾಲರಿಯ ಸದ್ದಿನ ರೆಕಾರ್ಡಿಂಗ್ ಹಚ್ಚಿ, ಕೈಗೆ ಗವಸು ತೊಡಿಸಿ, ಇಲ್ಲದ ಚೆಂಡನ್ನು ಎಸೆಯಲು ಹೇಳಿದೆ. ಪರದೆಯ ಮೇಲೆ ಹೆಣಿಗೆ ಮೂಡಿತು. ನೂರಕ್ಕೆ ತೊಂಬತ್ತಾರು. ಎಂಟು ವರ್ಷದಲ್ಲಿ ನಾನು ಅಂಥದ್ದನ್ನು ಕಂಡಿರಲಿಲ್ಲ. ಪರೀಕ್ಷೆಗೆಂದು ರೆಕಾರ್ಡಿಂಗ್ ನಿಲ್ಲಿಸಿದೆ. ತೊಂಬತ್ತಾರು ಇದ್ದದ್ದು ನಲವತ್ತಕ್ಕೆ ಇಳಿಯಿತು. ಮತ್ತೆ ಹಚ್ಚಿದೆ, ತೊಂಬತ್ತಾರು. ಅವಳ ಪಾಸಿನ ಅರ್ಧಕ್ಕೂ ಹೆಚ್ಚು ಭಾಗ ನಮ್ಮ ಗ್ಯಾಲರಿಯ ಹೂಂಕಾರದ ಮೇಲೆ ನಿಂತಿತ್ತು.

ಅದು ಒಂದು ಎಳೆ. ಇನ್ನೊಂದು ಎಳೆ ಹೆಣಿಗೆಯ ಬುಡದಲ್ಲಿತ್ತು, ದಪ್ಪನೆಯದು. ಅದರ ಜಾಡು ಹಿಡಿದು ಎರಡು ಸಲ ಹೋಗಿ ನೋಡಿದೆ. ಬಿಸಿ ತಾಗಿದ್ದು ತಿಳಿದ ಕೂಡಲೇ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುವ ಚುರುಕು ಅದು. ಎಲ್ಲರಲ್ಲೂ ಅದು ಬೇರೆಯೇ ಇರುತ್ತದೆ. ಇವಳಲ್ಲಿ ಐದನೇ ವಯಸ್ಸಿನಿಂದ ಬೆಲ್ಲ ದಾಟಿಸಿ ದಾಟಿಸಿ, ಪಾಸೂ ಅದೂ ಒಂದೇ ಹಗ್ಗವಾಗಿ ಹೊಸೆದುಕೊಂಡಿತ್ತು. ಪಾಸನ್ನು ತೆಗೆದರೆ ಅದೂ ಬರುತ್ತದೆ. ಆಮೇಲೆ ಈ ಹುಡುಗಿ ಕಾದ ಬಾಣಲೆ ಹಿಡಿದರೆ ಹಿಡಿದೇ ಇರುತ್ತಾಳೆ. ಚರ್ಮ ಸುಟ್ಟ ವಾಸನೆ ಬಂದ ಮೇಲೆ ನೋಡಿ ಬಿಡಬೇಕು.

ನಮ್ಮ ಕೇಂದ್ರದ ಮುಖ್ಯಸ್ಥೆ ಡಾಕ್ಟರ್ ಫಿರ್ದೋಸ್ ಖಾನಂ. ಕೆಟ್ಟವರಲ್ಲ. ನನ್ನ ಮಗಳ ಮದುವೆಗೆ ಮೂರು ದಿನ ಮುಂಚೆಯೇ ಬಂದು ಹೂ ಕಟ್ಟಿದವರು. ಪರದೆಯನ್ನು ತೋರಿಸಿದೆ.

“ಹೂಂಕಾರದ್ದು ಲುಧಿಯಾನದವರ ತಲೆನೋವು” ಎಂದರು. “ಕಿವಿಗೆ ರೆಕಾರ್ಡಿಂಗ್ ಹಾಕ್ಕೊಂಡು ಆಡಿಸ್ತಾರೆ. ವರದಿಯಲ್ಲಿ ಬರಿ.”

“ಕೈ ಸುಟ್ರೂ ಗೊತ್ತಾಗಲ್ಲ ಅನ್ನೋದನ್ನ?”

“ಅದನ್ನೂ ಬರಿ. ಗವಸು ಕೊಡ್ತಾರೆ.” ಹೀಗೆಂದವರು ನನ್ನ ಮುಖ ನೋಡದೆ ಕಿಟಕಿಯ ಕಡೆ ತಿರುಗಿಕೊಂಡರು. ನಾನು ವೆಂಕೋಬರಾಯರ ನಂತರ ಹೊರಗಿನ ಬೆಂಚುಗಳನ್ನು ನೋಡದೆ ಇದ್ದದ್ದು ಹೀಗೆಯೇ ಕಾಣುತ್ತಿತ್ತು ಎಂದು ಆಗ ಗೊತ್ತಾಯಿತು.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಅಂಕಣದಲ್ಲೇ ಸಭೆ. ನಮ್ಮಲ್ಲಿ ಗುಟ್ಟಿನ ಮತ ಇಲ್ಲ. ಬೇಕೆನ್ನುವವರು ಪೂರ್ವದ ಬುಟ್ಟಿಯ ಕೆಳಗೆ, ಬೇಡವೆನ್ನುವವರು ಪಶ್ಚಿಮದ ಬುಟ್ಟಿಯ ಕೆಳಗೆ ಹೋಗಿ ನಿಲ್ಲಬೇಕು. ಅಕ್ಕಪಕ್ಕದ ಮನೆಯವರಿಗೆ ಮುಖ ತೋರಿಸಿಯೇ ತೀರ್ಮಾನ ಮಾಡಬೇಕು ಎಂದು ಹಿಂದಿನವರು ಮಾಡಿದ ಏರ್ಪಾಡು.

ನಾನು ವರದಿಯನ್ನು ಓದಿದೆ. ಹೂಂಕಾರದ ವಿಷಯ ಹೇಳಿದಾಗ ಗುಜುಗುಜು ಎದ್ದಿತು. ಬಿಸಿಯ ವಿಷಯ ಹೇಳಿದಾಗ ಕೆಲವರು ತಮ್ಮ ಅಂಗೈ ನೋಡಿಕೊಂಡರು. ಇನ್ನು ಯಾರೂ ಪೂರ್ವಕ್ಕೆ ಹೋಗುವುದಿಲ್ಲ ಎಂದು ನಾನು ಅಂದುಕೊಂಡೆ. ನನಗೆ ನಮ್ಮೂರು ಗೊತ್ತಿಲ್ಲ ಎಂದು ಆಮೇಲೆ ಗೊತ್ತಾಯಿತು.

ಕಬ್ಬಿನ ಹಾಲಿನ ಅಂಗಡಿಯ ಗೌರಕ್ಕ ಎದ್ದು ನಿಂತರು. ಎಪ್ಪತ್ತೆಂಟು ವರ್ಷ. ಹತ್ತೊಂಬತ್ತು ವರ್ಷದಲ್ಲಿ ಒಂದು ಆಟವನ್ನೂ ತಪ್ಪಿಸಿದವರಲ್ಲ. “ಆ ಮಗಿನ ಮ್ಯಾಲೆ ನಂಗೂ ಪ್ರೀತಿ ಅದೆ. ನಂಗೆ ಮೊಮ್ಮಗಳಿದ್ದಂಗೆ. ಆದ್ರೆ ನಾನು ಸಾಯೋದ್ರೊಳಗೆ ಒಂದು ಕಪ್ಪು ನೋಡ್ಬೇಕು ಕನ್ರಪ್ಪಾ. ಒಂದೇ ಒಂದು. ಗವಸು ಹಾಕ್ಕೊಂಡು ಮುದ್ದೆ ತಿರುವುದ್ರೆ ಏನೋದದು?” ಎನ್ನುತ್ತಾ ಅತ್ತೇಬಿಟ್ಟರು. ಅವರನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಹತ್ತೊಂಬತ್ತು ವರ್ಷದ ಆಸೆ ಸುಳ್ಳಲ್ಲ.

ಸಂಘದ ಅಧ್ಯಕ್ಷ ಮರಿಲಿಂಗು ಚೆಲುವಾಂಬಳನ್ನು ಕರೆದರು. ಅವಳು ಅಂಕಣದ ನಡುವೆ ಬಂದು ನಿಂತಳು. ಬೇಡಿಕೊಳ್ಳುತ್ತಾಳೆ ಎಂದು ಕೆಲವರು ಕಣ್ಣೊರೆಸಿಕೊಳ್ಳಲು ಆಗಲೇ ಸೆರಗು ಹಿಡಿದಿದ್ದರು.

“ನಾನು ಕೊಡಕಿಲ್ಲ” ಎಂದಳು. “ಸಹಿ ಹಾಕಿವ್ನಿ, ನಿಜ. ಓದ್ದಲೆ ಹಾಕ್ದೆ, ಅದೂ ನಿಜ. ನೀವು ಏನಾರ ತೀರ್ಮಾನ ಮಾಡ್ಕಳಿ. ನಾನಾಗಿ ಆ ಕುರ್ಚಿ ಮೇಲೆ ಹೋಗಿ ಕೂರಕಿಲ್ಲ. ಎತ್ಕೊಂಡ್ ಹೋಗ್ಬೇಕು. ಯಾರು ಎತ್ಕತೀರಿ ಅಂತ ಈಗ್ಲೇ ನೋಡ್ಕಂಬಿಡ್ತೀನಿ, ಹೋಗಿ ನಿಂತ್ಕಳಿ.” ಅಷ್ಟು ಹೇಳಿ ಕೈಕಟ್ಟಿ ನಿಂತಳು.

ಜನ ಅವಳ ಎರಡೂ ಪಕ್ಕದಲ್ಲಿ ಹಾದು ಹೋದರು. ಅವಳು ಒಬ್ಬೊಬ್ಬರ ಮುಖವನ್ನೂ ನೋಡಿದಳು. ನಾನು ಪಶ್ಚಿಮಕ್ಕೆ ಹೋದೆ. ನನ್ನ ಗಂಡ ತಲೆ ತಗ್ಗಿಸಿಕೊಂಡು ಪೂರ್ವಕ್ಕೆ ಹೋದರು. ಪೂರ್ವಕ್ಕೆ ಸಾವಿರದ ಇನ್ನೂರ ಆರು. ಪಶ್ಚಿಮಕ್ಕೆ ಒಂಬೈನೂರ ಎಂಬತ್ತೆಂಟು. ಇಮ್ರೋಜ್ ಬರುವುದು ಖಾಯಂ ಆಯಿತು. ಬುಧವಾರ ಸಂಜೆ ಐದರೊಳಗೆ ಕೈಗುಣ ತೆಗೆಯಬೇಕು, ತಪ್ಪಿದರೆ ವ್ಯವಹಾರ ಬಿದ್ದುಹೋಗುತ್ತದೆ ಎಂದು ಮರಿಲಿಂಗು ಓದಿದರು. ಯಾರೂ ಶಿಳ್ಳೆ ಹಾಕಲಿಲ್ಲ.

ಮನೆಯಲ್ಲಿ ಅವತ್ತು ಊಟಕ್ಕೆ ಕೂತ ನನ್ನ ಗಂಡ ತಟ್ಟೆ ಮುಟ್ಟಲಿಲ್ಲ. “ಕೋಪ ಬಂದಿದ್ರೆ ಬೈದ್ಬುಡು” ಎಂದರು.

“ಬೈಯೋದಕ್ಕೇನಿದೆ? ಗೆಲ್ತೀರಲ್ಲ, ಉಣ್ಣಿ.”

“ಅವ್ಳು ನನ್ನೇ ನೋಡುದ್ಲು ಕಣೆ.”

“ನೋಡ್ತೀನಿ ಅಂತ ಹೇಳೇ ನೋಡಿದ್ಲು.”

ಸೋಮವಾರ ಕೇಂದ್ರಕ್ಕೆ ಹೋದವಳು ನೇರ ಡಾಕ್ಟರ್ ಕೋಣೆಗೆ ಹೋದೆ. ಗುರುತಿನ ಚೀಟಿ, ಯಂತ್ರದ ಕೀಲಿ ಎರಡನ್ನೂ ಮೇಜಿನ ಮೇಲಿಟ್ಟೆ.

“ಚೆಲುವಾಂಬಳದ್ದು ನಾನು ತೆಗೆಯಲ್ಲ.”

“ನಾಳಿದ್ದು ಒಂದು ದಿನ ರಜೆ ತಗೋ, ಬೇರೆ ಯಾರಾದ್ರೂ ಮಾಡ್ತಾರೆ. ಕೆಲಸ ಯಾಕೆ ಬಿಡ್ತೀಯ?”

“ರಜೆ ತಗೊಂಡ್ರೆ ತಿರುಗಿ ಬಂದು ಇನ್ನೊಬ್ಬರದ್ದು ತೆಗೀಬೇಕಾಗುತ್ತೆ ಮೇಡಂ. ನಂಗಾಗಲ್ಲ. ಮುನ್ನೂರ ಹನ್ನೆರಡು ಸಾಕು.”

“ಲೈಸೆನ್ಸ್ ಹೋಗುತ್ತೆ ಇಂದ್ರಾಣಿ.”

“ಹೋಗಲಿ. ಅದೇನು ನಂಗೆ ಹುಟ್ತಾನೆ ಬಂದಿತ್ತಾ?”

ಅವರು ಕೀಲಿಯನ್ನು ತೆಗೆದುಕೊಳ್ಳಲೂ ಇಲ್ಲ, ನನ್ನ ಕಡೆ ತಳ್ಳಲೂ ಇಲ್ಲ. ಆಮೇಲೆ ಬೆಂಗಳೂರಿನ ಕೇಂದ್ರಕ್ಕೆ ಫೋನ್ ಮಾಡಿ ಬುಧವಾರಕ್ಕೆ ಒಬ್ಬ ತಂತ್ರಜ್ಞನನ್ನು ಕಳಿಸಿ ಎಂದರು. ಹನ್ನೊಂದರ ರೈಲಿಗೆ ನಾನು ಮಂಡ್ಯಕ್ಕೆ ಬಂದುಬಿಟ್ಟೆ. ಹೆದರಿಕೆ ಆಗಲಿಲ್ಲವೇ ಎಂದರೆ ಆಯಿತು. ಆದರೆ ಎಂಟು ವರ್ಷದಲ್ಲಿ ಮೊದಲ ಸಲ ರೈಲಿನಲ್ಲಿ ನಿದ್ದೆ ಬಂತು.

ಬುಧವಾರ ಮಧ್ಯಾಹ್ನ ಒಂದೂವರೆಗೆ ಲೀಗಿನ ವ್ಯಾನ್ ಚೆಲುವಾಂಬಳ ಮನೆಗೆ ಬಂತು. ಹೇಳಿದಂತೆಯೇ ಅವಳು ನಡೆದು ಬರಲಿಲ್ಲ. ಕಾವಲಿನ ಇಬ್ಬರು ಹೆಂಗಸರು ಅವಳನ್ನು ಮಂಚದ ಸಮೇತ ಎತ್ತಿ ವ್ಯಾನಿನಲ್ಲಿ ಇಟ್ಟರು. ಬೀದಿಯವರೆಲ್ಲ ನೋಡಿದರು. ಪೂರ್ವದವರೂ ನೋಡಿದರು, ಪಶ್ಚಿಮದವರೂ ನೋಡಿದರು. ಭಾನುವಾರ ಅದು ಬರೀ ಪಾಸಾಗಿತ್ತು. ಈಗ ಒಂದು ಹುಡುಗಿ ಹಗಲು ಹೊತ್ತಿನಲ್ಲಿ ಮಂಚದ ಮೇಲೆ ಕೂತು ಊರು ಬಿಟ್ಟು ಹೋಗುತ್ತಿದ್ದಳು.

ಯಾರು ಮೊದಲು ಓಡಿದರೋ ಗೊತ್ತಿಲ್ಲ. ನನ್ನ ಗಂಡ ಅಂಗಡಿಗೆ ಬಾಗಿಲೂ ಹಾಕದೆ ಓಡಿದ್ದು ಗೊತ್ತು, ಹಿಂದಿನಿಂದ ನಾನೇ ಹೋಗಿ ಹಾಕಿದೆ. ನಾನು ಹೆದ್ದಾರಿಗೆ ಬರುವಷ್ಟರಲ್ಲಿ ಸಕ್ಕರೆ ಕಾರ್ಖಾನೆಯ ವೃತ್ತದಲ್ಲಿ ಐನೂರು ಜನ ಕೂತಿದ್ದರು. ಎಲ್ಲರಿಗಿಂತ ಮುಂದೆ, ವ್ಯಾನಿನ ಚಕ್ರಕ್ಕೆ ಒಂದು ಮೊಳ ದೂರದಲ್ಲಿ, ತಿರುಮಲೇಗೌಡರು ಟವೆಲ್ ಹಾಸಿಕೊಂಡು ಅಂಗಾತ ಮಲಗಿದ್ದರು. ಪಕ್ಕದಲ್ಲಿ ಕಾಲು ಚಾಚಿ ಕೂತಿದ್ದ ಗೌರಕ್ಕನಿಗೆ ಯಾರೋ ಕೊಡೆ ಹಿಡಿದಿದ್ದರು.

ಮಂಡ್ಯದವರಿಗೆ ರಸ್ತೆ ತಡೆಯುವುದನ್ನು ಯಾರೂ ಕಲಿಸಬೇಕಾಗಿಲ್ಲ. ಅರ್ಧ ಗಂಟೆಯಲ್ಲಿ ಬನ್ನೂರು ರಸ್ತೆಗೆ ಎರಡು ಕಬ್ಬಿನ ಲಾರಿ ಅಡ್ಡ ನಿಂತವು, ಮೇಲುಕೋಟೆ ರಸ್ತೆಗೆ ಒಂದು ಮದುವೆ ದಿಬ್ಬಣ ತಾನಾಗಿಯೇ ಬಂದು ಕೂತಿತು. ಬೆಂಗಳೂರಿನಿಂದ ಹೊರಟಿದ್ದ ತಂತ್ರಜ್ಞನೂ ಅದೇ ಸಾಲಿನಲ್ಲಿ ನಾಲ್ಕು ಮೈಲಿ ಹಿಂದೆ ಸಿಕ್ಕಿಕೊಂಡಿದ್ದ. ಅವನಿಗೆ ಯಾರೋ ಮದ್ದೂರು ವಡೆ ಕೊಟ್ಟರಂತೆ.

ಮೂರೂವರೆಗೆ ತಹಶೀಲ್ದಾರರು ಬಂದರು. ಹೊಸಬರು, ಬೀದರ್ ಕಡೆಯವರು, ಬಿಸಿಲಿಗೆ ಮುಖ ಕೆಂಪಾಗಿತ್ತು.

“ನಿಮ್ಮ ಬೇಡಿಕೆ ಏನದರಿ?”

“ಭಾನ್ವಾರ ತಗೊಂಡಿರೋ ತೀರ್ಮಾನ ವಾಪಸ್ ತಗೋಬೇಕು ಸಾ” ಎಂದರು ನನ್ನ ಗಂಡ, ಮಲಗಿದ್ದಲ್ಲಿಂದಲೇ.

“ಯಾರು ತಗೊಂಡಿದ್ದು?”

“ನಾವೇಯ.”

“ಮತ್ತ ನೀವಽ ವಾಪಸ್ ತಗೋರಿ!”

“ನಿಯಮ ಇಲ್ಲ ಸಾ. ಅದ್ಕೇ ರಸ್ತೆ ತಡ್ದಿರೋದು.”

ತಹಶೀಲ್ದಾರರು ಕರ್ಚೀಫಿನಿಂದ ಮುಖ ಒರೆಸಿಕೊಂಡರು. “ಅಂದ್ರ ನೀವು ಯಾರ ವಿರುದ್ಧ ಕೂತೀರಿ?”

ಉತ್ತರ ಹಿಂದಿನಿಂದ ಬಂತು. ಯಾರೋ ಕೂಗಿದರು, “ಮಂಡ್ಯದ ಜನಕ್ಕೆ!” ಉಳಿದವರೆಲ್ಲ ಗಂಟಲು ಹರಿಯುವಂತೆ, “ಧಿಕ್ಕಾರ! ಧಿಕ್ಕಾರ!” ಎಂದರು. ಪೂರ್ವಕ್ಕೆ ಹೋಗಿ ನಿಂತಿದ್ದ ಸಾವಿರದ ಇನ್ನೂರು ಜನರಲ್ಲಿ ಸಾವಿರ ಜನವಾದರೂ ಅಷ್ಟು ಹೊತ್ತಿಗೆ ಅಲ್ಲಿದ್ದರು. ತಮ್ಮ ತಲೆಗೆ ತಾವೇ ಧಿಕ್ಕಾರ ಹಾಕಿಕೊಂಡಷ್ಟು ಜೋರಾಗಿ ಅವರು ಯಾವ ಸರ್ಕಾರಕ್ಕೂ ಹಾಕಿದ್ದನ್ನು ನಾನು ಕೇಳಿಲ್ಲ. ನಾನು ಪಶ್ಚಿಮದವಳು, ಆದರೂ ಕೂಗಿದೆ. ಮುನ್ನೂರ ಹನ್ನೆರಡು ಸಲ ನಾನೂ ಪೂರ್ವಕ್ಕೆ ನಿಂತವಳೇ.

ಲೀಗಿನ ಅಧಿಕಾರಿ ವ್ಯಾನಿನಿಂದ ಇಳಿದು ಕೈಮುಗಿದ. ವ್ಯವಹಾರ ಬಿದ್ದರೆ ಮೂರು ವರ್ಷ ಯಾವ ಆಟಗಾರ್ತಿಯನ್ನೂ ತರುವ ಹಾಗಿಲ್ಲ, ಯೋಚನೆ ಮಾಡಿ, ಸೋಲುತ್ತೀರಿ ಎಂದ.

“ಸೋಲ್ತೀವಿ” ಎಂದರು ಗೌರಕ್ಕ. “ಅದ್ನೇನು ನೀನು ಹೇಳ್ಕೊಡ್ಬೇಕಾ? ಹತ್ತೊಂಬತ್ತು ವರ್ಷದಿಂದ ಮಾಡ್ತಿರಾದು ಅದ್ನೇಯ.”

ಐದು ಗಂಟೆ ಹೊಡೆಯಿತು. ಕಾರ್ಖಾನೆಯ ಸೈರನ್ ಕೂಗಿತು. ಕಾವಲಿನ ಹೆಂಗಸರೇ ವ್ಯಾನಿನ ಬಾಗಿಲು ತೆಗೆದರು. ಚೆಲುವಾಂಬ ಇಳಿದಳು. ಜನ ಎದ್ದು ನಿಂತು, ಅವಳು ಏನಾದರೂ ಹೇಳುತ್ತಾಳೆ, ಕಣ್ಣೀರು ಹಾಕುತ್ತಾಳೆ ಎಂದು ಕಾದರು. ಅವಳು ನೇರ ಬಂದು ನನ್ನ ಗಂಡನ ತಲೆಯ ಹತ್ತಿರ ನಿಂತಳು.

“ಏಳಿ ಮ್ಯಾಕೆ. ಇವತ್ತು ಬಂದು ಮಲಿಕ್ಕೊಂಡ್ರೆ ಭಾನ್ವಾರ ಹೋಗ್ಬುಡ್ತದಾ?”

“ಇಲ್ಲ ಕಣವ್ವ” ಎಂದರು ಅವರು, ಟವೆಲ್ ಕೊಡವುತ್ತಾ.

“ಹದಿನಾಲ್ಕನೇ ಕಲಮು ತೆಗೀರಿ. ನಂದೊಬ್ಬಳದಲ್ಲ, ತಂಡದೋರೆಲ್ಲರದ್ದೂವೆ. ಇಲ್ಲೇ, ಈಗ್ಲೇ. ತೆಗೆಯೋಗಂಟ ರಸ್ತೆ ಬುಡಾದಿಲ್ಲ, ನಾನೂ ಕುಂತ್ಕತೀನಿ.” ಎಂದವಳೇ ಡಾಂಬರಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು.

ಮರಿಲಿಂಗು ಅಲ್ಲೇ ಒಂದು ಬಸ್ಸಿನ ಬಾನೆಟ್ ಮೇಲೆ ಕಾಗದ ಇಟ್ಟು ಬರೆದರು. ಎರಡು ಸಾವಿರ ಜನ ಸಹಿ ಹಾಕುವಷ್ಟರಲ್ಲಿ ಏಳೂವರೆಯಾಯಿತು. ಸಿಕ್ಕಿಕೊಂಡಿದ್ದ ಬಸ್ಸಿನವರೂ ಕೆಲವರು ಹಾಕಿದರು, ಬೇಗ ಮುಗಿಯಲಿ ಎಂದು.

ಇಮ್ರೋಜ್ ಲುಧಿಯಾನದಲ್ಲೇ ಉಳಿದಳು. ಡಿಸೆಂಬರಿನಲ್ಲಿ ಸತ್ಲಜ್ ತಂಡ ಮಂಡ್ಯಕ್ಕೆ ಬಂತು. ಕಥೆ ಹೇಳುವವಳು ನಾನೇ ಆದ್ದರಿಂದ ಗೆದ್ದೆವು ಎಂದು ಹೇಳಬಹುದಿತ್ತು. ಮೂವತ್ತೊಂದು ಪಾಯಿಂಟಿನಿಂದ ಸೋತೆವು. ಇಮ್ರೋಜ್ ಒಬ್ಬಳೇ ನಲವತ್ತನಾಲ್ಕು ಹಾಕಿದಳು. ಚೆಲುವಾಂಬ ಬುಟ್ಟಿಯ ಬುಡಕ್ಕೇ ಇಪ್ಪತ್ತಾರು ಪಾಸ್ ಕೊಟ್ಟಳು, ನಮ್ಮವರು ಹದಿನೇಳನ್ನು ಹಾಳು ಮಾಡಿದರು. ಆಟ ಮುಗಿದ ಮೇಲೂ ಗ್ಯಾಲರಿಯಿಂದ ಯಾರೂ ಎದ್ದು ಹೋಗಲಿಲ್ಲ. ಗೌರಕ್ಕ ಎಲ್ಲರಿಗೂ ಕಬ್ಬಿನ ಹಾಲು ಹಂಚುತ್ತಾ, ಕಪ್ಪು ಇಲ್ಲದೆ ತಾನು ಸಾಯುವುದಿಲ್ಲ, ಆದ್ದರಿಂದ ಇನ್ನೂ ಬಹಳ ವರ್ಷ ಇರಬೇಕಾಗುತ್ತದೆ ಎನ್ನುತ್ತಿದ್ದರು.

ಆಗ ಇಮ್ರೋಜ್ ಬೆವರು ಒರೆಸಿಕೊಳ್ಳುತ್ತಾ ಚೆಲುವಾಂಬಳ ಹತ್ತಿರ ಬಂದಳು. ಅವಳು ಹಿಂದಿಯಲ್ಲಿ ಕೇಳಿದ್ದನ್ನು ನಾನು ನಮ್ಮವರಿಗೆ ತಿಳಿಸಿ ಹೇಳಬೇಕಾಯಿತು. ರಸ್ತೆಯಲ್ಲಿ ಮಲಗಿದ್ದವರು ಇವರೇನಾ ಎಂದು ಕೇಳಿದಳು. ಹೌದು ಎಂದೆ. ಅವಳು ಗ್ಯಾಲರಿಯನ್ನು ಬಹಳ ಹೊತ್ತು ನೋಡಿದಳು.

“ನಮ್ಮೂರಲ್ಲೂ ಮತ ಹಾಕಿದ್ದರು” ಎಂದಳು. “ನನ್ನನ್ನು ಕೊಡುವುದಕ್ಕೆ. ಎಂಟು ಸಾವಿರ ಜನ ಕೊಡಿ ಎಂದರು. ನಾನು ಪೆಟ್ಟಿಗೆ ಕಟ್ಟಿಕೊಂಡು ಸ್ಟೇಷನ್ನಿನಲ್ಲಿ ಕೂತಿದ್ದೆ. ತಡೆಯಲು ಒಬ್ಬರೂ ಬರಲಿಲ್ಲ.” ಆಮೇಲೆ ತನ್ನ ಬಲಗೈ ನೋಡಿಕೊಂಡು, “ಈಗ ಕೊಚ್ಚಿಯವರು ನನ್ನ ಎಸೆತ ಕೇಳಿದ್ದಾರೆ. ನನ್ನನ್ನಲ್ಲ. ಎಸೆತವನ್ನು ಮಾತ್ರ. ಮಾರ್ಚ್ ಒಂಬತ್ತಕ್ಕೆ ಮತ” ಎಂದಳು.

ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಇವಳು ನಮಗೆ ಬೇಕು ಎಂದು ವಾರವಿಡೀ ಕಿತ್ತಾಡಿದ್ದೆವು. ಇವಳಿಗೆ ಏನು ಬೇಕು ಎಂದು ಪೂರ್ವದವರಾಗಲಿ ಪಶ್ಚಿಮದವರಾಗಲಿ ಒಬ್ಬರೂ ಕೇಳಿರಲಿಲ್ಲ.

ತಿರುಮಲೇಗೌಡರು ತಲೆಯೆತ್ತಿ ಅವಳ ಆರಡಿ ಮೂರಂಗುಲವನ್ನು ನೋಡಿದರು. “ಅಯ್ಯೋ, ಯಾಕವ್ವಾ ಒಂದ್ ಮಾತು ಹೇಳ್ಕಳುಸ್ನಿಲ್ಲ?” ಎಂದರು. “ಅಲ್ಲಿಗೂ ಬಂದು ಮಲಿಕ್ಕತಿದ್ವಲ್ಲ.”

ನಾನು ಹಿಂದಿಯಲ್ಲಿ ಹೇಳಿದೆ. ಇಮ್ರೋಜ್ ನಗುತ್ತಾಳೆ ಎಂದುಕೊಂಡಿದ್ದೆ. ಅವಳು ನಗಲಿಲ್ಲ, ನಿಜವಾಗಿಯೂ ಬರುತ್ತೀರಾ ಎಂದು ಕೇಳಿದಳು. ನನ್ನ ಗಂಡ ಆಗಲೇ ಜೇಬಿನಿಂದ ಪೆನ್ನು ತೆಗೆದು, ಗ್ಯಾಲರಿಯ ಕಡೆ ತಿರುಗಿ, ಲುಧಿಯಾನಕ್ಕೆ ಬರುವವರೆಲ್ಲ ಹೆಸರು ಹೇಳಿ ಎಂದು ಕೂಗಿದರು. ಮೊದಲ ಹೆಸರು ಚೆಲುವಾಂಬಳದ್ದು. ಎರಡನೆಯದು ಗೌರಕ್ಕನದು, ಕೆಳಗಿನ ಬರ್ತ್ ಬೇಕು ಎಂಬ ಷರತ್ತಿನ ಮೇಲೆ. ಮೂರನೆಯದನ್ನು ನಾನೇ ಹೇಳಿದೆ. ಇವತ್ತಿನವರೆಗೆ ನಾನೂರ ಹದಿನೆಂಟು ಆಗಿದೆ. ಮಾರ್ಚ್ ಐದಕ್ಕೆ ಹೊರಡುತ್ತೇವೆ.